ಸವೆದ ಹಿಡಿಕೆ, ಕೂರದ ಚಿಲಕ: ಬೀಗವನ್ನು ಪೂರ್ತಿ ಬದಲಿಸಲೇಬೇಕೇ?

ಪ್ರಶ್ನೆ: ಬಳ್ಳಾರಿ ಗೃಹಸ್ಥ

ನಮ್ಮ ಮನೆ ಇರುವುದು ಬಳ್ಳಾರಿಯ ಕೌಲ್‌ಬಜಾರ್ ಕಡೆ. ಕಟ್ಟಿಸಿದಾಗ ಹಾಕಿಸಿದ ಬಾಗಿಲಿನ ಸಾಮಾನುಗಳೆಲ್ಲ ಈಗ ಒಂದೊಂದಾಗಿ ಕೈಕೊಡುತ್ತಿವೆ. ಮುಂಬಾಗಿಲು ಸಾಗವಾನಿಯದು, ಅದಕ್ಕೆ ಉದ್ದನೆಯ ಪಟ್ಟಿಯ ಮೇಲೆ ಹಿಡಿಕೆ, ಹಿಡಿಕೆಯ ಕೆಳಗೆ ಕೀಲಿಕೈ ತೂರಿಸುವ ಕಿಂಡಿ ಇರುವ ಮಾರ್ಟೈಸ್ ಬೀಗವಿದೆ (ಬಾಗಿಲಿನ ಅಂಚಿನೊಳಗೆ ಹುದುಗಿಸಿದ ಬಗೆಯದು). ಹಿಡಿಕೆ ಜೋತುಬಿದ್ದಿದೆ, ಅದರ ಮೇಲಿನ ಹೊಳಪಿನ ಲೇಪ ಗುಳ್ಳೆಯೆದ್ದು ಅಲ್ಲಲ್ಲಿ ಬಿಳಿ ಪುಡಿ ಉದುರುತ್ತದೆ, ಬಾಗಿಲನ್ನು ಒಂದಿಷ್ಟು ಮೇಲಕ್ಕೆತ್ತಿ ತಳ್ಳಿದರೆ ಮಾತ್ರ ಚಿಲಕ ಚೌಕಟ್ಟಿನ ತೂತಿನಲ್ಲಿ ಕೂರುತ್ತದೆ. ಮಲಗುವ ಕೋಣೆಯ ಫ್ಲಶ್ ಬಾಗಿಲಿನ ಹಿಡಿಕೆ ಅತ್ತಿತ್ತ ಅಲ್ಲಾಡುತ್ತದೆ. ಬಚ್ಚಲುಮನೆಯ ಬಾಗಿಲಿಗೆ ಗುಂಡನೆಯ ತಿರುಗುವ ಗುಬುಟಿದೆ; ಒದ್ದೆ ಕೈಯಲ್ಲಿ ಅದು ತಿರುಗುವುದೇ ಇಲ್ಲ, ವಯಸ್ಸಾದ ತಾಯಿಯವರಿಗಂತೂ ಬಹಳ ಕಷ್ಟವಾಗಿದೆ.

ಒಬ್ಬ ಅಂಗಡಿಯವರು ಎಲ್ಲವನ್ನೂ ಕಿತ್ತು ಹೊಸ ಸೆಟ್ ಹಾಕಿಸಿ ಎನ್ನುತ್ತಾರೆ. ಹಿಡಿಕೆಯನ್ನಷ್ಟೇ ಬದಲಿಸಲು ಸಾಧ್ಯವಿಲ್ಲವೇ? ಅಳತೆಗಳನ್ನು ಹೇಗೆ ತೆಗೆದುಕೊಳ್ಳಬೇಕು? ನಮ್ಮ ಊರಿನ ಬಿಸಿಲಿಗೂ ಧೂಳಿಗೂ ಯಾವ ಲೋಹ ತಾಳಿಕೊಳ್ಳುತ್ತದೆ? ಇದಲ್ಲದೆ ಕುರುಗೋಡಿನಲ್ಲಿರುವ ನಮ್ಮ ಹಿರಿಯರ ಮನೆಯ ತಲೆಬಾಗಿಲಿನಲ್ಲಿ ಕಬ್ಬಿಣದ ಹಳೆಯ ಚಿಲಕ, ಕೊಂಡಿಗಳಿವೆ, ಕೊಂಡಿ ಸಡಿಲವಾಗಿದೆ. ಅದನ್ನೂ ತೆಗೆಸಿಬಿಡಬೇಕೋ, ಉಳಿಸಿಕೊಳ್ಳಬಹುದೋ ತಿಳಿದವರು ದಯವಿಟ್ಟು ಹೇಳಿ.

ಉತ್ತರ: ರಾಯಚೂರಿನ ಬಡಗಿ

ಹಿಡಿಕೆ ಕೊಳ್ಳುವ ಮೊದಲು ಬಾಗಿಲನ್ನು ನೋಡಿ. ಮೇಲಕ್ಕೆತ್ತಿದರೆ ಚಿಲಕ ಕೂರುತ್ತದೆ ಎಂದು ತಾವೇ ಬರೆದಿದ್ದೀರಿ. ದೋಷ ಬಿಜಾಗರಿಯಲ್ಲಿದೆ ಎನ್ನಲು ಅದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ. ಸಾಗವಾನಿ ಬಾಗಿಲಿನ ಭಾರವನ್ನೆಲ್ಲ ಮೇಲಿನ ಬಿಜಾಗರಿ ಎಳೆದು ಹಿಡಿದಿರುತ್ತದೆ. ಅದರ ಸ್ಕ್ರೂಗಳು ಕೂದಲೆಳೆಯಷ್ಟು ಸಡಿಲವಾದರೂ ಬೀಗವಿರುವ ಅಂಚು ಕೆಳಗಿಳಿಯುತ್ತದೆ, ಚಿಲಕ ತೂತಿನ ಕೆಳತುಟಿಗೆ ತಾಗಿ ನಿಲ್ಲುತ್ತದೆ, ಮನೆಮಂದಿ ದಿನವೂ ಹಿಡಿಕೆಯನ್ನೇ ಹಿಡಿದು ಬಾಗಿಲನ್ನೆತ್ತುತ್ತಾರೆ. ಹಿಡಿಕೆ ಜೋತುಬಿದ್ದದ್ದು ಹಾಗೆ ಎತ್ತಿ ಎತ್ತಿಯೇ ಇರಬಹುದು. ಬಿಜಾಗರಿಯನ್ನು ಸರಿಪಡಿಸದೆ ಹೊಸ ಹಿಡಿಕೆ ಹಾಕಿಸಿದರೆ ಅದಕ್ಕೂ ಇದೇ ಗತಿಯಾಗುತ್ತದೆ.

ಪರೀಕ್ಷೆ ಸುಲಭ. ಬಾಗಿಲನ್ನು ಪೂರ್ತಿ ತೆರೆದಿಟ್ಟು ಹಿಡಿಕೆಯನ್ನು ಒತ್ತಿ ಬಿಡಿ. ಓರೆ ಮೂತಿಯ ಚಿಲಕ ಸಲೀಸಾಗಿ ಒಳಗೆ ಹೋಗಿ, ಬಿಟ್ಟ ಕೂಡಲೇ ಟಕ್ಕೆಂದು ಹೊರಗೆ ಬಂದರೆ ಬೀಗದ ಪೆಟ್ಟಿಗೆ ಚೆನ್ನಾಗಿದೆ ಎಂದರ್ಥ. ಚಿಲಕ ಅರ್ಧಕ್ಕೆ ನಿಂತರೆ, ಅಥವಾ ಬೆರಳಿನಿಂದ ಹೊರಗೆಳೆಯಬೇಕಾದರೆ, ಒಳಗಿನ ಸ್ಪ್ರಿಂಗ್ ಸೋತಿದೆ. ಆಮೇಲೆ ಚಿಲಕದ ಮೂತಿಗೆ ಒಂದಿಷ್ಟು ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ಸವರಿ, ಎತ್ತದೆ ಹಾಗೆಯೇ ಬಾಗಿಲು ಮುಚ್ಚಿ ತೆರೆಯಿರಿ. ಚೌಕಟ್ಟಿನ ಲೋಹದ ಪಟ್ಟಿಯ ಮೇಲೆ ಎಲ್ಲಿ ಕೆಂಪು ಬಿದ್ದಿದೆಯೋ ಅಲ್ಲಿ ಅದು ತಾಗುತ್ತಿದೆ. ತೂತಿನ ಕೆಳ ಅಂಚಿನಲ್ಲಿ ಗುರುತು ಬಿದ್ದರೆ ಬಾಗಿಲು ಜಗ್ಗಿದೆ. ಪಕ್ಕದ ಅಂಚಿನಲ್ಲಿ ಬಿದ್ದರೆ ಬಾಗಿಲು ಡೊಂಕಾಗಿದೆ, ಇಲ್ಲವೇ ಚೌಕಟ್ಟಿನ ಪಟ್ಟಿ ಸರಿದಿದೆ.

ಜಗ್ಗಿದ್ದಾದರೆ ಬಾಗಿಲಿನ ಕೆಳಗೆ ಮರದ ಬೆಣೆ ಕೊಟ್ಟು ಭಾರವನ್ನು ಅದರ ಮೇಲಿಳಿಸಿ, ಮೇಲಿನ ಬಿಜಾಗರಿಯ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ. ತೂತುಗಳು ಹಿಗ್ಗಿದ್ದರೆ ಸಾಗವಾನಿಯ ಸಣ್ಣ ಸೀಳುಗಳಿಗೆ ಮರದ ಅಂಟು ಸವರಿ ಒತ್ತೊತ್ತಾಗಿ ಬಡಿದು, ಅಂಟು ಒಣಗಿದ ಮೇಲೆ ಮೊದಲಿಗಿಂತ ಉದ್ದದ, 50 ಮಿ.ಮೀ. ಸ್ಕ್ರೂಗಳನ್ನು ಚೌಕಟ್ಟಿನ ಕಡೆಗೆ ಹಾಕಿ. ಬೆಂಕಿಕಡ್ಡಿ ತುರುಕಿ ಸ್ಕ್ರೂ ಬಿಗಿಯುವ ರೂಢಿ ಎಲ್ಲ ಕಡೆಯೂ ಇದೆ, ಆದರೆ ಭಾರದ ಬಾಗಿಲಿಗೆ ಅದು ನಿಲ್ಲುವುದಿಲ್ಲ. ಇಷ್ಟಾದ ಮೇಲೂ ಒಂದೆರಡು ಮಿಲಿಮೀಟರ್ ವ್ಯತ್ಯಾಸ ಉಳಿದರೆ ತೂತಿನ ಕೆಳ ಅಂಚನ್ನು ಅರದಿಂದ ಉಜ್ಜಿದರೆ ಸಾಕು. ಅದಕ್ಕಿಂತ ಹೆಚ್ಚಿದ್ದರೆ ಪಟ್ಟಿಯನ್ನೇ ಕಳಚಿ ಕೆಳಗಿಳಿಸಿ, ಹೊಸದಾಗಿ ಉಳಿಯಲ್ಲಿ ಕಚ್ಚು ತೆಗೆಯಬೇಕು.

ಒಂದು ಎಚ್ಚರಿಕೆ. ಈ ತಿದ್ದುಪಡಿಯನ್ನು ಕಡು ಬೇಸಿಗೆಯಲ್ಲಿ ಅತಿಯಾಗಿ ಬಿಗಿ ಮಾಡಿಸಬೇಡಿ. 40 ಡಿಗ್ರಿ ದಾಟಿದ ಒಣ ಹವೆಯಲ್ಲಿ ಮರ ಅಡ್ಡಗಲಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಬಹುಮಟ್ಟಿಗೆ ಹಾಗೆಯೇ ಇರುತ್ತದೆ. ಮೇ ತಿಂಗಳಲ್ಲಿ ಸಂದು ದೊಡ್ಡದಾಯಿತೆಂದು ಬಾಗಿಲಿನ ಅಂಚಿಗೆ ಪಟ್ಟಿ ಹೊಡೆಸಿದವರು ಆಗಸ್ಟ್‌ನಲ್ಲಿ ಅದನ್ನೇ ಕೆತ್ತಿಸಲು ಕರೆಯುತ್ತಾರೆ. ನಮಗೆ ಎರಡು ಸಲ ಕೂಲಿ ಸಿಗುತ್ತದೆ ಎನ್ನುವುದು ಬೇರೆ ಮಾತು.

ಉತ್ತರ: ಕೊಪ್ಪಳ ಹಾರ್ಡ್‌ವೇರ್

ಬಡಗಿಗಳು ಹೇಳಿದ್ದು ಸರಿಯಾಗಿದೆ. ಅಳತೆ ಮತ್ತು ಲೋಹದ ವಿಷಯವನ್ನು ಅಂಗಡಿಯ ಕಡೆಯಿಂದ ನಾನು ಸೇರಿಸುತ್ತೇನೆ. ಹಿಡಿಕೆಯನ್ನಷ್ಟೇ ಬದಲಿಸಲು ಖಂಡಿತ ಸಾಧ್ಯ. ಅದಕ್ಕೆ ಎಲ್ಲಕ್ಕಿಂತ ಮುಖ್ಯವಾದ ಅಳತೆ, ಎರಡೂ ಕಡೆಯ ಹಿಡಿಕೆಗಳನ್ನು ಬಾಗಿಲಿನ ಮೂಲಕ ಜೋಡಿಸುವ ಚೌಕ ಕಡ್ಡಿಯ ನಡುವಿನಿಂದ ಕೀಲಿಕೈ ಕಿಂಡಿಯ ಗುಂಡು ಭಾಗದ ನಡುವಿನವರೆಗಿನ ದೂರ. ಈಗಿನ ಸಿಲಿಂಡರ್ ಬೀಗಗಳಲ್ಲಿ (ಕೀಲಿಕೈ ತಿರುಗುವ ಭಾಗವನ್ನು ಬಿಡಿಯಾಗಿ ತೆಗೆಯಬಹುದಾದ ಬಗೆ) ಇದು ಸಾಮಾನ್ಯವಾಗಿ 85 ಮಿ.ಮೀ. ಇರುತ್ತದೆ, ಆದರೆ 72 ಮಿ.ಮೀ.ನವೂ ಇವೆ, ಹಳೆಯ ಲಿವರ್ ಬೀಗಗಳ ಲೆಕ್ಕವೇ ಬೇರೆ. ಪಟ್ಟಿಯ ಹೊರಗಿನ ಉದ್ದವನ್ನು ಮಾತ್ರ ಅಳೆದುಕೊಂಡು ಬರುವವರು ಬಹಳ; ಆ ಅಳತೆಯಿಂದ ಹಳೆಯ ಸ್ಕ್ರೂ ತೂತುಗಳು ಮುಚ್ಚುತ್ತವೆಯೋ ಇಲ್ಲವೋ ಎಂಬುದು ತಿಳಿಯುತ್ತದೆಯೇ ಹೊರತು ಹಿಡಿಕೆ ಕೂರುತ್ತದೆಯೋ ಎಂಬುದು ತಿಳಿಯುವುದಿಲ್ಲ. ಬೀಗದ ಪೆಟ್ಟಿಗೆಯನ್ನೂ ಬದಲಿಸುವುದಾದರೆ ಬಾಗಿಲಿನ ಅಂಚಿನಿಂದ ಚೌಕ ಕಡ್ಡಿಯ ನಡುವಿನವರೆಗಿನ ದೂರ, ಅಂಚಿನಲ್ಲಿ ಕಾಣುವ ಮುಖಪಟ್ಟಿಯ ಉದ್ದ ಹಾಗೂ ಅಗಲ, ಬಾಗಿಲಿನ ದಪ್ಪ, ಇವಿಷ್ಟೂ ಬೇಕು. ಎಲ್ಲಕ್ಕಿಂತ ಒಳ್ಳೆಯದೆಂದರೆ ಹಳೆಯ ಬೀಗವನ್ನೇ ಬಿಚ್ಚಿ ಅಂಗಡಿಗೆ ತರುವುದು.

ಬಿಚ್ಚುವ ಕ್ರಮ ತಿಳಿದಿದ್ದರೆ ಅರ್ಧ ಗಂಟೆಯ ಕೆಲಸ. ಬಾಗಿಲು ತೆರೆದಿರಲಿ, ಮುಚ್ಚಿಕೊಳ್ಳದಂತೆ ಕೆಳಗೆ ಬೆಣೆ ಇರಲಿ. ಹಿಡಿಕೆಯ ಎರಡೂ ಪಟ್ಟಿಗಳ ಸ್ಕ್ರೂ ತೆಗೆದರೆ ನಡುವಿನ ಚೌಕ ಕಡ್ಡಿ ಕೈಗೆ ಬರುತ್ತದೆ. ಅದು ಸಾಮಾನ್ಯವಾಗಿ 8 ಮಿ.ಮೀ. ಕಡ್ಡಿ. ಅದರ ಮೂಲೆಗಳನ್ನು ಬೆರಳಿನಲ್ಲಿ ಸವರಿ ನೋಡಿ: ಮೂಲೆಗಳು ದುಂಡಗಾಗಿದ್ದರೆ ಹಿಡಿಕೆ ಅಲ್ಲಾಡಲು ಅದೊಂದೇ ಕಾರಣ ಸಾಕು, ಮತ್ತು ಕಡ್ಡಿ ಬಿಡಿಯಾಗಿಯೂ ಸಿಗುತ್ತದೆ. ಕೆಲವು ಹಿಡಿಕೆಗಳನ್ನು ಕಡ್ಡಿಗೆ ಬಿಗಿಯಲು ಕತ್ತಿನ ಕೆಳಗೆ ತಲೆಯಿಲ್ಲದ ಪುಟ್ಟ ಸ್ಕ್ರೂ ಇರುತ್ತದೆ. ತಮ್ಮ ಮಲಗುವ ಕೋಣೆಯ ಹಿಡಿಕೆ ಅಲ್ಲಾಡುವುದು ಅದು ಸಡಿಲವಾದದ್ದರಿಂದಲೇ ಇದ್ದರೆ ಆಲನ್ ಕೀಲಿಯಿಂದ (ಆರು ಮೂಲೆಯ ಬಾಗಿದ ಕಡ್ಡಿ) ಬಿಗಿದು ಕೆಲಸ ಮುಗಿಸಬಹುದು. ಸಿಲಿಂಡರನ್ನು ತೆಗೆಯಲು ಬಾಗಿಲಿನ ಅಂಚಿನ ಮುಖಪಟ್ಟಿಯಲ್ಲಿ ಅದರ ನೇರಕ್ಕಿರುವ ಉದ್ದನೆಯ ಸ್ಕ್ರೂವನ್ನು ಬಿಚ್ಚಿ, ಕೀಲಿಕೈ ಹಾಕಿ ತುಸುವೇ ತಿರುಗಿಸಿ ಎಳೆಯಬೇಕು. ಒಳಗಿನ ನಾಲಿಗೆ ಸಿಲಿಂಡರಿನ ನೇರಕ್ಕೆ ಬಂದಾಗ ಮಾತ್ರ ಅದು ಜಾರಿ ಹೊರಬರುತ್ತದೆ. ಬರಲಿಲ್ಲವೆಂದು ಸುತ್ತಿಗೆಯಿಂದ ಬಡಿಯಬಾರದು.

ಲೋಹದ ವಿಷಯಕ್ಕೆ ಬಂದರೆ, ತಮ್ಮ ಹಿಡಿಕೆಯಿಂದ ಉದುರುವ ಬಿಳಿ ಪುಡಿ, ಅದು ಸತುವಿನ ಮಿಶ್ರಲೋಹದ ಅಚ್ಚಿನ ಮೇಲೆ ಕ್ರೋಮ್ ಲೇಪ ಕೊಟ್ಟದ್ದು ಎಂಬುದನ್ನು ತೋರಿಸುತ್ತದೆ. ಲೇಪ ಒಡೆದ ಮೇಲೆ ಅದನ್ನು ಉಜ್ಜಿ ಪ್ರಯೋಜನವಿಲ್ಲ. ಹಿತ್ತಾಳೆ ಅಥವಾ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕೊಳ್ಳಿ. ಅಯಸ್ಕಾಂತ ಅಂಟದಿದ್ದರೆ ಅಸಲಿ 304 ಎಂದು ಕೆಲವರು ನಂಬಿದ್ದಾರೆ. ಅಗ್ಗದ 202 ದರ್ಜೆಗೂ ಸಾಮಾನ್ಯವಾಗಿ ಅಯಸ್ಕಾಂತ ಅಂಟುವುದಿಲ್ಲ, ಆದ್ದರಿಂದ ಆ ಪರೀಕ್ಷೆಯಿಂದ ಇವೆರಡರ ವ್ಯತ್ಯಾಸ ಗೊತ್ತಾಗದು. ಹಿಡಿಕೆಯನ್ನು ಕೈಯಲ್ಲಿ ತೂಗಿ ನೋಡಿ, ದರ್ಜೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಇನ್ನು ಧೂಳು. ಸಂಡೂರು, ತೋರಣಗಲ್ಲು ಕಡೆಯ ಅದಿರಿನ ಕೆಂಧೂಳಾಗಲಿ, ಶಕ್ತಿನಗರದ ಆಸುಪಾಸಿನ ಹಾರುಬೂದಿಯಾಗಲಿ, ಕೀಲಿಕೈ ಕಿಂಡಿಗೆ ಕೊಬ್ಬರಿ ಎಣ್ಣೆ ಬಿಟ್ಟ ಮನೆಗಳಲ್ಲಿ ಎಣ್ಣೆಯೊಂದಿಗೆ ಕಲಸಿ ಸಾಣೆ ಹಿಡಿದಂತೆ ಒಳಗಿನ ಪಿನ್ನುಗಳನ್ನು ಸವೆಸುತ್ತದೆ. ಸಿಲಿಂಡರಿಗೆ ಎಣ್ಣೆಯ ಬದಲು ಗ್ರಾಫೈಟ್ ಪುಡಿ ಹಾಕಿ. ಅದು ಸಿಗದಿದ್ದರೆ ಕೀಲಿಕೈಯ ಹಲ್ಲುಗಳ ಮೇಲೆ ಮೆತ್ತನೆಯ ಪೆನ್ಸಿಲಿನಿಂದ ಚೆನ್ನಾಗಿ ಗೀಚಿ, ನಾಲ್ಕಾರು ಸಲ ಒಳಗೆ ಹಾಕಿ ತೆಗೆಯಿರಿ.

ಮರುಪ್ರಶ್ನೆ: ಬಳ್ಳಾರಿ ಗೃಹಸ್ಥ

ಇಬ್ಬರಿಗೂ ಧನ್ಯವಾದಗಳು. ಕುಂಕುಮದ ಗುರುತು ಕೆಳ ಅಂಚಿನಲ್ಲೇ ಬಿದ್ದಿತು. ಮೇಲಿನ ಬಿಜಾಗರಿಯ ಒಂದು ಸ್ಕ್ರೂ ಬೆರಳಿನಲ್ಲೇ ತಿರುಗುತ್ತಿತ್ತು. ಅದನ್ನು ಹೇಳಿದಂತೆ ಬಿಗಿದ ಮೇಲೆ ಚಿಲಕ ಎತ್ತದೆಯೇ ಕೂರುತ್ತಿದೆ. ಬಾಗಿಲು ತೆರೆದಿಟ್ಟು ಒತ್ತಿದರೂ ಚಿಲಕ ಸರಿಯಾಗಿ ಆಡುತ್ತದೆ. ನಡುದೂರ 85 ಮಿ.ಮೀ. ಬಂದಿದೆ. ಆದರೆ ಅಂಗಡಿಯಲ್ಲಿ ನೋಡಿದ ಹಿತ್ತಾಳೆ ಹಿಡಿಕೆಯ ಪಟ್ಟಿ ಹಳೆಯದಕ್ಕಿಂತ ಗಿಡ್ಡ. ಹಳೆಯ ತೂತುಗಳು, ಮಾಸಿದ ಪಾಲಿಷಿನ ಗುರುತು ಎರಡೂ ಹೊರಗೆ ಕಾಣುತ್ತವೆ. ಬಚ್ಚಲುಮನೆಯ ಬಾಗಿಲಿನ ಬಗೆಗೂ ತಿಳಿಸಿ.

ಉತ್ತರ: ಗಂಗಾವತಿ ನಿವಾಸಿ

ಮುಂಬಾಗಿಲಿಗೆ ಗಿಡ್ಡ ಪಟ್ಟಿ ತೆಗೆದುಕೊಳ್ಳಬೇಡಿ. ಹಳೆಯದರಷ್ಟೇ ಅಥವಾ ಅದಕ್ಕಿಂತ ತುಸು ಉದ್ದದ ಪಟ್ಟಿ ಸಿಗುವವರೆಗೆ ಕಾಯುವುದು ಲೇಸು, ಏಕೆಂದರೆ ಸಾಗವಾನಿಯ ಮೇಲೆ ತೂತು ಮುಚ್ಚಿದ ಗುರುತು ಎಷ್ಟೇ ಪಾಲಿಷ್ ಮಾಡಿಸಿದರೂ ಕಾಣುತ್ತದೆ. ಹೊಸ ಪಟ್ಟಿಯ ತೂತುಗಳು ಹಳೆಯವುಗಳಿಗೆ ಅರ್ಧಂಬರ್ಧ ತಾಗುವಂತಿದ್ದರೆ ಹಳೆಯದನ್ನು ಮರದ ಸೀಳಿನಿಂದ ತುಂಬಿಸಿದ ಮೇಲೆಯೇ ಹೊಸದನ್ನು ಕೊರೆಯಿರಿ. ಇಲ್ಲದಿದ್ದರೆ ಡ್ರಿಲ್ ಹಳೆಯ ತೂತಿಗೇ ಜಾರುತ್ತದೆ. ಬೀಗದ ಪೆಟ್ಟಿಗೆಯನ್ನು ಉಳಿಸಿಕೊಳ್ಳುವ ವಿಷಯದಲ್ಲಿ ನನ್ನದೊಂದು ತಕರಾರಿದೆ: ಚಿಲಕ ಚೆನ್ನಾಗಿ ಆಡಿದ ಮಾತ್ರಕ್ಕೆ ಸಾಲದು, ಕೀಲಿಕೈಯಿಂದ ಹೊರಬರುವ ಬೀಗದ ನಾಲಿಗೆಯನ್ನೂ ಬಾಗಿಲು ತೆರೆದಿಟ್ಟುಕೊಂಡೇ ಪರೀಕ್ಷಿಸಿ. ಕೀಲಿಕೈಯನ್ನು ಅಲುಗಾಡಿಸಿ ತಿರುಗಿಸಬೇಕಾದರೆ ಸಿಲಿಂಡರ್ ಬದಲಿಸಿ; ಹೊಸ ಸಿಲಿಂಡರ್ ಹಾಕಿದರೂ ನಾಲಿಗೆ ಅಡ್ಡಾದಿಡ್ಡಿಯಾಗಿ ಬಂದರೆ ಪೆಟ್ಟಿಗೆಯನ್ನೇ ಬದಲಿಸಿ. ಮುಂಬಾಗಿಲಿನ ಭದ್ರತೆಯ ವಿಷಯದಲ್ಲಿ ಉಳಿತಾಯ ನೋಡಬಾರದು.

ಬಚ್ಚಲುಮನೆಗೆ ಗುಬುಟು ತೆಗೆಸಿ ಉದ್ದ ಹಿಡಿಕೆ ಹಾಕಿಸಿ. ಗುಬುಟನ್ನು ಬಿಗಿಯಾಗಿ ಹಿಡಿದೇ ತಿರುಗಿಸಬೇಕು. ಉದ್ದ ಹಿಡಿಕೆಯನ್ನು ಗಂಟು ನೋವಿರುವವರು ಮುಂಗೈಯಿಂದಲೋ ಮೊಣಕೈಯಿಂದಲೋ ಒತ್ತಿದರೂ ಆಗುತ್ತದೆ. ಗುಂಡು ಬೀಗಕ್ಕಾಗಿ ಬಾಗಿಲಿನಲ್ಲಿ ಕೊರೆದ ದೊಡ್ಡ ತೂತು ಸುಮಾರು 54 ಮಿ.ಮೀ. ಇರುತ್ತದೆ. ಅದೇ ತೂತಿನಲ್ಲಿ ಕೂರುವ, ಉದ್ದ ಹಿಡಿಕೆಯ ಟ್ಯೂಬ್ಯುಲರ್ ಬೀಗಗಳು ಸಿಗುತ್ತವೆ, ಹೊಸದಾಗಿ ಕೊರೆಯುವ ಗೋಜಿಲ್ಲ. ಬಾಗಿಲಿನ ಅಂಚಿನಿಂದ ಆ ತೂತಿನ ನಡುವಿನವರೆಗೆ 60 ಮಿ.ಮೀ. ಇದೆಯೋ 70 ಇದೆಯೋ ನೋಡಿಕೊಂಡು ಹೋಗಿ. ಬಾಗಿಲು ಒಳಗೆ ಟೊಳ್ಳಾದ ಬಗೆಯದಾದರೆ ಬೇರೆ ಎತ್ತರದಲ್ಲಿ ಹೊಸ ಬೀಗ ಕೂರಿಸುವ ಯೋಚನೆ ಬೇಡ, ಏಕೆಂದರೆ ಬೀಗಕ್ಕೆಂದು ಒಳಗಿಟ್ಟಿರುವ ಮರದ ತುಂಡು ಈಗಿನ ಎತ್ತರದಲ್ಲಿ ಮಾತ್ರ ಇರುತ್ತದೆ. ಒಳಗಿನಿಂದ ಬೀಗ ಹಾಕಿಕೊಂಡವರು ಜಾರಿಬಿದ್ದರೆ ಹೊರಗಿನಿಂದ ನಾಣ್ಯ ತೂರಿಸಿ ತೆರೆಯಬಹುದಾದ ಸೀಳು ಇರುವುದನ್ನೇ ಆರಿಸಿ. ತಾಯಿಯವರಿರುವ ಮನೆಯಲ್ಲಿ ಒಳಗಡೆ ಮೇಲೊಂದು ಟವರ್ ಬೋಲ್ಟನ್ನೂ ಇಡುವುದು ಸರಿಯಲ್ಲ. ಅದನ್ನು ಹೊರಗಿನಿಂದ ತೆರೆಯಲು ಬಾಗಿಲು ಒಡೆಯುವುದೊಂದೇ ದಾರಿ.

ಬಚ್ಚಲಿನ ಹಿಡಿಕೆ ಹಾಳಾಗುವುದಕ್ಕೆ ನೀರನ್ನೊಂದೇ ದೂರಬೇಕಾಗಿಲ್ಲ. ನಮ್ಮ ಕಡೆ ಬೋರ್‌ವೆಲ್ ನೀರಿನ ಬಿಳಿ ಕಲೆ ತೆಗೆಯಲು ಆ್ಯಸಿಡ್ ಸುರಿದು ಬಾಗಿಲು ಮುಚ್ಚಿಬಿಡುತ್ತಾರೆ. ಆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಒಳ್ಳೆಯ ಸ್ಟೇನ್‌ಲೆಸ್ ಸ್ಟೀಲಿನ ಮೇಲೂ ಕಂದು ಚುಕ್ಕೆಗಳನ್ನು ಎಬ್ಬಿಸುತ್ತದೆ. ಆ್ಯಸಿಡ್ ಬಳಸಲೇಬೇಕಾದರೆ ಬಾಗಿಲು, ಕಿಟಕಿ ತೆರೆದಿಟ್ಟು, ಮುಗಿದ ಮೇಲೆ ಹಿಡಿಕೆಯನ್ನು ನೀರಿನಲ್ಲಿ ತೊಳೆದು ಒರೆಸಿ.

ಉತ್ತರ: ರಾಯಚೂರಿನ ಬಡಗಿ

ಕುರುಗೋಡಿನ ಬಾಗಿಲಿನ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಅದನ್ನು ತೆಗೆಸಬೇಡಿ. ಹಳೆಯ ಕಮ್ಮಾರಿಕೆಯ ಚಿಲಕದಲ್ಲಿ ಸ್ಪ್ರಿಂಗ್ ಇಲ್ಲ, ಲೇಪ ಇಲ್ಲ, ಕೆಡುವಂಥದ್ದು ಬಹಳ ಕಡಿಮೆ. ಸಡಿಲವಾಗಿರುವ ಕೊಂಡಿಯ ಬುಡ ಬಾಗಿಲಿನ ಹಲಗೆಯನ್ನು ಹಾಯ್ದು ಹಿಂದುಗಡೆ ಎರಡು ಕವಲಾಗಿ ಮಡಚಿಕೊಂಡಿರುತ್ತದೆ. ಆ ಮಡಿಕೆ ಬಿಚ್ಚಿಕೊಂಡಿದ್ದರೆ ಅಥವಾ ಅದರ ಸುತ್ತಲಿನ ಮರ ಸವೆದಿದ್ದರೆ ಕೊಂಡಿ ಅಲ್ಲಾಡುತ್ತದೆ. ಹಿಂದುಗಡೆ ದಪ್ಪನೆಯ ಕಬ್ಬಿಣದ ಬಿಲ್ಲೆಯೊಂದನ್ನು ಕೂರಿಸಿ, ಮುಂದುಗಡೆ ಒಬ್ಬರು ಭಾರದ ಸುತ್ತಿಗೆಯನ್ನು ಒತ್ತಿ ಹಿಡಿದಿರುವಾಗ ಕವಲುಗಳನ್ನು ಮತ್ತೆ ಬಿಲ್ಲೆಯ ಮೇಲೆ ಮಡಚಿ ಬಡಿದರೆ ಬಿಗಿಯಾಗುತ್ತದೆ. ಕವಲುಗಳು ತುಕ್ಕು ಹಿಡಿದು ತೆಳುವಾಗಿದ್ದರೆ ಮಾತ್ರ ಅದನ್ನು ಬಿಚ್ಚಿಕೊಂಡು ಹೋಗಿ ಕಮ್ಮಾರರಲ್ಲಿ ಅದೇ ಅಳತೆಯ ಹೊಸ ಕೊಂಡಿ ಮಾಡಿಸಿ.

ತುಕ್ಕನ್ನು ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಉಜ್ಜುವ ಜಾಗಕ್ಕೆ ಮೇಣದ ಬತ್ತಿಯನ್ನು ತಿಕ್ಕಿ. ಬಣ್ಣ ಬಳಿಯುವುದಾದರೆ ಚಿಲಕ ಜಾರುವ ಭಾಗವನ್ನು ಬಿಟ್ಟು ಬಳಿಯಬೇಕು. ಎರಡು ಕದಗಳ ಬಾಗಿಲಾಗಿದ್ದು ಒಳಗಡೆ ಮರದ ಅಗಳಿಯೂ ಇದ್ದರೆ, ಅಗಳಿ ಸರಿಯುವ ಗೋಡೆಯ ಗೂಡಿನಲ್ಲಿ ಮಣ್ಣು, ಗೆದ್ದಲು ಸೇರಿಲ್ಲವೇ ಎಂದು ಟಾರ್ಚ್ ಹಾಕಿ ನೋಡಿ. ಮುಚ್ಚಿಟ್ಟ ಮನೆಗಳಲ್ಲಿ ಗೆದ್ದಲು ಹಲವು ಸಲ ಅಲ್ಲಿಂದಲೇ ಬಾಗಿಲಿಗೆ ಹತ್ತುತ್ತದೆ.