ಮೊಲವಾಗುವ ಇಕೇನಿ ಹುಡುಗಿ: ರೂಪ ಬದಲಿಸುವುದಕ್ಕೆ ನಿಯಮ ಎಲ್ಲಿಂದ ತರಲಿ?

ಮೊಲದಹೆಜ್ಜೆ:

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಒಂದು ಕಾದಂಬರಿ ಬರೆಯುತ್ತಿದ್ದೇನೆ, 13ರಿಂದ 16 ವಯಸ್ಸಿನ ಮಕ್ಕಳಿಗೆ. ಕಥೆ ನಡೆಯುವುದು ಕ್ರಿ.ಶ. 60ರ ಬ್ರಿಟನ್‌ನಲ್ಲಿ. ರಾಣಿ ಬೂಡಿಕಾ ರೋಮನ್ನರ ಮೇಲೆ ತಿರುಗಿಬಿದ್ದ ಕಾಲ. ನಾಯಕಿ ಅವಳದೇ ಇಕೇನಿ ಬುಡಕಟ್ಟಿನ ಹುಡುಗಿ, 14 ವರ್ಷ. ಅವಳು ಮೊಲವಾಗಬಲ್ಲಳು.

ಮೊಲವೇ ಯಾಕೆ ಅಂತ ಹೇಳುತ್ತೇನೆ. ಬೂಡಿಕಾ ಯುದ್ಧಕ್ಕೆ ಹೊರಡುವ ಮೊದಲು ಜನರ ಮುಂದೆ ನಿಂತು ಮಾತಾಡಿದಳು, ಆಮೇಲೆ ಮಡಿಲಿನಿಂದ ಒಂದು ಮೊಲ ಬಿಟ್ಟಳು ಎಂದು ರೋಮನ್ ಇತಿಹಾಸಕಾರ ಡಿಯೋ ಕ್ಯಾಸಿಯಸ್ ಬರೆಯುತ್ತಾನೆ. ಅದು ಒಳ್ಳೆಯ ಶಕುನದ ದಿಕ್ಕಿಗೆ ಓಡಿತು. ಜನ ಸಂತೋಷದಿಂದ ಕೂಗಿದರು. ಅವಳು ಕೈ ಎತ್ತಿ ಆಂಡ್ರಾಸ್ತೆ ದೇವಿಗೆ ಮುಗಿದಳು. ಮುಂದಿನದೆಲ್ಲ ಯುದ್ಧದ ಕಥೆ. ನಾನು ಓದುವಾಗ ನನ್ನ ತಲೆಯಲ್ಲಿ ಉಳಿದದ್ದು ಒಂದೇ: ಆ ಮೊಲ ಓಡಿ ಎಲ್ಲಿಗೆ ಹೋಯಿತು? ನನ್ನ ಕಥೆ ಹುಟ್ಟಿದ್ದು ಅಲ್ಲಿ.

ಈಗ ಎರಡು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲನೆಯದು, ಇತಿಹಾಸ ಓದುವ ಗೆಳತಿಯೊಬ್ಬಳು ಕರಡು ನೋಡಿ ಹೇಳಿದ್ದು. ಮನುಷ್ಯರು ಪ್ರಾಣಿಗಳಾಗುವ ಕೆಲ್ಟಿಕ್ ಕಥೆಗಳೆಲ್ಲ ಐರ್ಲೆಂಡ್ ಮತ್ತು ವೇಲ್ಸ್‌ನವು, ಬೂಡಿಕಾ ಸತ್ತು ನೂರಾರು ವರ್ಷ ಕಳೆದ ಮೇಲೆ ಕ್ರೈಸ್ತರ ಕಾಲದಲ್ಲಿ ಬರವಣಿಗೆಗೆ ಬಂದವು. ಆ ಜನರ ಪುರೋಹಿತರಾದ ಡ್ರೂಯಿಡರು ತಮ್ಮ ವಿದ್ಯೆಯನ್ನು ಬರೆದಿಡುತ್ತಿರಲಿಲ್ಲ. ಹಾಗಿದ್ದಮೇಲೆ ನೀನು ಸುಮ್ನೆ ಅಂಟಿಸಿದ್ದೀಯ ಅಂದಳು. ಫ್ಯಾಂಟಸಿ ಅಲ್ವಾ, ಏನು ಬೇಕಾದರೂ ಬರೆಯಬಹುದು ಅಂತ ನನಗೆ ಅನ್ನಿಸುವುದಿಲ್ಲ. ಆ ಜನ ನಿಜವಾಗಿ ಇದ್ದರು. ಅವರ ಮಾತು ನಮಗೆ ಉಳಿದಿಲ್ಲ. ಅವರ ಬಾಯಿಗೆ ನಾನು ಏನನ್ನು ಇಡುತ್ತಿದ್ದೇನೆ ಎಂಬುದು ನನಗೆ ಮುಖ್ಯ.

ಎರಡನೆಯದು, ಅಕ್ಕನ ಮಗಳು ಕೇಳಿದ್ದು. ಅವಳಿಗೂ 14. ಆರನೇ ಅಧ್ಯಾಯದಲ್ಲಿ ಸೈನಿಕರು ನಾಯಕಿಯನ್ನು ಹಿಡಿದು ಕಟ್ಟಿಹಾಕುತ್ತಾರೆ. ಅಲ್ಲಿಗೆ ಓದುವುದನ್ನು ನಿಲ್ಲಿಸಿ ಕೇಳಿದಳು: "ಚಿಕ್ಕಿ, ಅವಳು ಮೊಲ ಆಗಿ ಓಡಿಹೋಗಬಹುದಲ್ವಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂರು ತಿಂಗಳಿಂದ ಕಥೆ ಅಲ್ಲೇ ನಿಂತಿದೆ.

ಇನ್ನೊಂದು ಸಣ್ಣ ವಿಷಯ. ಇಂಥವರನ್ನು ಕನ್ನಡದಲ್ಲಿ ಏನೆಂದು ಕರೆಯಲಿ? ಕಾಮರೂಪಿ ಅಂದ ತಕ್ಷಣ ಪುರಾಣದ ರಾಕ್ಷಸರು ಕಣ್ಣ ಮುಂದೆ ಬರುತ್ತಾರೆ. ರೂಪಾಂತರಿ ಅಂದರೆ ವೈರಸ್ಸಿನ ಸುದ್ದಿ ಓದಿದ ಹಾಗಾಗುತ್ತದೆ.

ಹಳೆನಾಣ್ಯ:

ನಿಮ್ಮ ಗೆಳತಿ ಹೇಳಿದ್ದು ಬಹುಮಟ್ಟಿಗೆ ಸರಿ. ಆದರೆ ಒಂದು ಸಾಕ್ಷಿ ಅವರ ಕಣ್ಣಿಗೆ ಬಿದ್ದಿಲ್ಲ. ನಿಮಗೆ ಬೇಕಾದದ್ದು ಅದೇ.

ಪೊಂಪೋನಿಯಸ್ ಮೇಲಾ ಎಂಬ ರೋಮನ್ ಲೇಖಕ ಲೋಕದ ಭೂಗೋಳ ಬರೆದ. ಕಾಲ ಸುಮಾರು ಕ್ರಿ.ಶ. 43, ಕ್ಲಾಡಿಯಸ್ ಚಕ್ರವರ್ತಿಯ ಸೈನ್ಯ ಬ್ರಿಟನ್‌ಗೆ ಇಳಿದ ಹೊತ್ತು. ಅದರಲ್ಲಿ ಗಾಲ್ ದೇಶದ, ಅಂದರೆ ಈಗಿನ ಫ್ರಾನ್ಸಿನ, ಪಶ್ಚಿಮ ತುದಿಯ ಆಚೆ ಸೇನಾ ಎಂಬ ದ್ವೀಪದ ಮಾತು ಬರುತ್ತದೆ. ಅಲ್ಲಿ ಒಂಬತ್ತು ಮಂದಿ ಪೂಜಾರಿಣಿಯರು, ಮದುವೆಯಾಗದವರು. ಹಾಡು ಹೇಳಿ ಕಡಲನ್ನೂ ಗಾಳಿಯನ್ನೂ ಎಬ್ಬಿಸುತ್ತಾರೆ. ಬೇರೆಲ್ಲೂ ವಾಸಿಯಾಗದ ಕಾಯಿಲೆ ವಾಸಿ ಮಾಡುತ್ತಾರೆ. ತಮಗೆ ಬೇಕಾದ ಪ್ರಾಣಿಯಾಗಿ ಬದಲಾಗುತ್ತಾರೆ. ನಿಮ್ಮ ಹುಡುಗಿ ಹುಟ್ಟುವುದಕ್ಕೆ ಎರಡು ಮೂರು ವರ್ಷ ಮೊದಲಿನ ಬರವಣಿಗೆ ಇದು! ರೋಮನ್ ಕಿವಿಗೆ ಬಿದ್ದ ಕಥೆ, ನಿಜ. ಆದರೂ ಕೆಲ್ಟಿಕ್ ನಾಡಿನ ಹೆಂಗಸರು ಪ್ರಾಣಿಗಳಾಗುತ್ತಾರೆ ಎಂಬ ಮಾತು ಆ ಕಾಲದಲ್ಲೇ ಓಡಾಡುತ್ತಿತ್ತು.

ಈಗ ಮೇಲಾ ಹೇಳುವ ಕೊನೆಯ ಮಾತು ನೋಡಿ. ಆ ಒಂಬತ್ತು ಮಂದಿ ಎಲ್ಲರಿಗೂ ಒಲಿಯುವವರಲ್ಲ. ತಮ್ಮನ್ನು ಕೇಳಲೆಂದೇ ಕಡಲ ಮೇಲೆ ಹೊರಟು ಬಂದವರಿಗೆ ಮಾತ್ರ.

ನಿಮ್ಮ ಅಕ್ಕನ ಮಗಳ ಪ್ರಶ್ನೆಗೆ ಉತ್ತರ ಇಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ. ಶಕ್ತಿ ಇರುವುದು ಕೇಳಿ ಬಂದವರಿಗಾಗಿ. ತನ್ನ ಹಗ್ಗ ಬಿಚ್ಚಿಕೊಳ್ಳಲು ಅವಳು ಮೊಲವಾಗಲಾರಳು. ಬೇರೆ ಯಾರಾದರೂ ಬಾಯಿಬಿಟ್ಟು ಕೇಳಬೇಕು.

ಸೇನಾ ಗಾಲ್‌ನಲ್ಲಿದೆ, ಇಕೇನಿ ಇರುವುದು ಬ್ರಿಟನ್‌ನ ಪೂರ್ವದಲ್ಲಿ, ಅದು ಹೇಗೆ ಅಂದರೆ ಅಜ್ಜಿಯೊಬ್ಬಳನ್ನು ದೋಣಿ ಹತ್ತಿಸಿ. ಗಾಲ್‌ನ ಡ್ರೂಯಿಡರನ್ನು ಅಡಗಿಸಿದ್ದು ಚಕ್ರವರ್ತಿ ಟೈಬೀರಿಯಸ್ ಎಂದು ರೋಮನ್ ಲೇಖಕ ಪ್ಲಿನಿ ಬರೆಯುತ್ತಾನೆ, ಕ್ಲಾಡಿಯಸ್ ಎಂದು ಇನ್ನೊಬ್ಬ ಲೇಖಕ ಸ್ವೆಟೋನಿಯಸ್ ಬರೆಯುತ್ತಾನೆ. ಯಾವುದನ್ನು ಹಿಡಿದರೂ ಅಜ್ಜಿ ಓಡಿಬರಲು ಕಾರಣ ಇದೆ.

ರೋಮನ್ನರ ಕಡೆಯನ್ನೂ ಬಿಡಬೇಡಿ. ಈ ಭಯ ಅವರಿಗೂ ಇತ್ತು. ಲೇಖಕ ಪೆಟ್ರೋನಿಯಸ್ ಚಕ್ರವರ್ತಿ ನೀರೋನ ಆಸ್ಥಾನದವನು, ಸತ್ತದ್ದು 66ರಲ್ಲಿ. ಅವನ ಸಟೈರಿಕಾನ್‌ನಲ್ಲಿ ಔತಣದ ನಡುವೆ ಒಬ್ಬ ಹೇಳುವ ಕಥೆ ಇದೆ. ಹಗಲಿನಂಥ ಬೆಳದಿಂಗಳು. ದಾರಿ ಬದಿಯ ಗೋರಿಗಳ ಹತ್ತಿರ ಜೊತೆಗಾರ ಸೈನಿಕ ಬಟ್ಟೆ ಬಿಚ್ಚಿಡುತ್ತಾನೆ, ಸುತ್ತ ಉಚ್ಚೆ ಹೊಯ್ಯುತ್ತಾನೆ, ತೋಳವಾಗಿ ಊಳಿಟ್ಟು ಕಾಡಿಗೆ ಓಡುತ್ತಾನೆ. ಬಟ್ಟೆ ಕಲ್ಲಾಗಿರುತ್ತದೆ. ಅದೇ ರಾತ್ರಿ ಕುರಿ ಮಂದೆಗೆ ನುಗ್ಗಿದ ತೋಳದ ಕುತ್ತಿಗೆಗೆ ಆಳೊಬ್ಬ ಈಟಿ ಚುಚ್ಚುತ್ತಾನೆ. ಬೆಳಿಗ್ಗೆ ಮನೆಗೆ ಬಂದು ನೋಡಿದರೆ ಸೈನಿಕ ಎತ್ತಿನ ಹಾಗೆ ಹಾಸಿಗೆಯಲ್ಲಿ ಬಿದ್ದಿದ್ದಾನೆ, ವೈದ್ಯ ಕುತ್ತಿಗೆಗೆ ಮದ್ದು ಹಾಕುತ್ತಿದ್ದಾನೆ.

ಹೀಗೆ ಬದಲಾಗುವವನಿಗೆ ಲ್ಯಾಟಿನ್‌ನಲ್ಲಿ ವರ್ಸಿಪೆಲಿಸ್ ಎನ್ನುತ್ತಾರೆ. ತೊಗಲು ತಿರುವಿದವನು ಅಂತ. ವಂಚಕನನ್ನು ಬಯ್ಯಲೂ ಅದೇ ಪದ. ನಿಮ್ಮ ಕಥೆಯ ರೋಮನ್ನರ ಬಾಯಲ್ಲಿ ಅದು ಚೆನ್ನಾಗಿ ಕೂರುತ್ತದೆ. ಇಕೇನಿಗಳ ಬಾಯಲ್ಲಿ ಬೇರೆ ಪದ ಇರಲಿ.

ಒಂದು ತಿದ್ದುಪಡಿ: ಅವರ ಬಾಯಲ್ಲಿ "ನಾವು ಕೆಲ್ಟರು" ಎಂಬ ಮಾತು ಬರಬಾರದು. ಗಾಲ್ ಗೆದ್ದ ರೋಮನ್ ಸೇನಾಪತಿ ಸೀಸರ್ ಆ ಹೆಸರು ಹೇಳಿದ್ದು ಗಾಲ್‌ನ ಜನಕ್ಕೆ. ಬ್ರಿಟನ್‌ನವರಿಗೆ ಆ ಪದ ಅಂಟಿದ್ದು 1700ರ ಆಚೆಗೆ. ಅವಳು ತನ್ನನ್ನು ಇಕೇನಿ ಅಂದುಕೊಳ್ಳಲಿ.

ನನ್ನ ಹೆಸರೇ ಹಳೆನಾಣ್ಯ, ಆದ್ದರಿಂದ ಇದೊಂದು ಹೇಳದೆ ಇರಲಾರೆ. ಅವರ ನಾಡಿನಲ್ಲಿ ಓಡಾಡಿದ ಒಂದು ಹಳೆಯ ಚಿನ್ನದ ನಾಣ್ಯದ ಮೇಲೆ ತೋಳ ಇದೆ. ಬೆನ್ನಿನ ಕೂದಲು ನಿಮಿರಿದೆ, ಬಾಯಿ ತೆರೆದಿದೆ. ಅವರ ಬೆಳ್ಳಿ ನಾಣ್ಯಗಳಲ್ಲಿ ಕಾಡುಹಂದಿ, ಕುದುರೆ. ಹುಡುಗಿಯ ಅಂಗೈಯಲ್ಲಿ ಅಂಥದ್ದೊಂದು ನಾಣ್ಯ ಇಟ್ಟು ನೋಡಿ.

ಹತ್ತನೇಬೆಂಚು:

ಅಕ್ಕ, ನನಗೆ 15. ನಿಮ್ಮ ಕಥೆ ನನಗೋಸ್ಕರವೇ ಬರೆಯುತ್ತಿರುವುದು ಅಂತ ಧೈರ್ಯ ಮಾಡಿ ಹೇಳುತ್ತಿದ್ದೇನೆ.

ನಾನು ಓದಿದ ಜಾಸ್ತಿ ಫ್ಯಾಂಟಸಿಗಳಲ್ಲಿ ಹುಡುಗ ತೋಳ ಆದರೂ ಒಳಗೆ ಅವನ ಬುದ್ಧಿ ಹಾಗೇ ಇರುತ್ತದೆ. ತೋಳದ ಅಂಗಿ ಹಾಕಿಕೊಂಡ ಹಾಗೆ. ನನಗೆ ಅದು ಸುಳ್ಳು ಅನ್ನಿಸುತ್ತದೆ. ಮೊಲ ಆದಾಗ ಅವಳಿಗೆ ಅಮ್ಮನ ಹೆಸರು ನೆನಪಿರುತ್ತಾ? ಯಾರಿಗೋಸ್ಕರ ಓಡುತ್ತಿದ್ದೇನೆ ಅನ್ನುವುದು ಮರೆತುಹೋದರೆ? ನನಗೆ ಭಯ ಆಗುವುದು ಸೈನಿಕರನ್ನು ಕಂಡು ಅಲ್ಲ, ಅದಕ್ಕೆ.

ಹಳೆನಾಣ್ಯ ಅವರು ಹೇಳಿದ ಗಾಯದ ವಿಷಯ ದಯವಿಟ್ಟು ಇಟ್ಟುಕೊಳ್ಳಿ. ಮೊಲದ ಕಾಲಿಗೆ ಏಟು ಬಿದ್ದರೆ ಬೆಳಿಗ್ಗೆ ಹುಡುಗಿ ಕುಂಟುತ್ತಾಳೆ. ಆಗ ಎಲ್ಲರಿಗೂ ಗೊತ್ತಾಗುತ್ತದೆ.

ಹುಲ್ಲುಗಾವಲು:

ಇತಿಹಾಸ ನನಗೆ ಗೊತ್ತಿಲ್ಲ. ಪ್ರಾಣಿಗಳ ಬಗ್ಗೆ ಓದುತ್ತೇನೆ, ಅದರಿಂದ ಒಂದೆರಡು ಮಾತು.

ಕನ್ನಡದಲ್ಲಿ ನಾವು ಎಲ್ಲವನ್ನೂ ಮೊಲ ಅಂತಲೇ ಕರೆಯುತ್ತೇವೆ. ಬೂಡಿಕಾ ಬಿಟ್ಟದ್ದು ಉದ್ದ ಕಿವಿ, ಉದ್ದ ಕಾಲಿನ ಬಯಲು ಮೊಲ. ಬಿಲದಲ್ಲಿ ಗುಂಪಾಗಿ ಬದುಕುವ ಪುಟ್ಟ ಮೊಲ ಬೇರೆಯೇ ಪ್ರಾಣಿ. ಆದ್ದರಿಂದ ಅವಳನ್ನು ಬಿಲದಲ್ಲಿ ಅಡಗಿಸಬೇಡಿ. ಬಯಲು ಮೊಲ ಬಿಲ ತೋಡುವುದಿಲ್ಲ. ಹುಲ್ಲಿನಲ್ಲಿ ಮೈಯಷ್ಟೇ ಅಗಲದ ಒಂದು ತಗ್ಗು ಮಾಡಿಕೊಂಡು, ಕಿವಿ ಬೆನ್ನಿಗೆ ಒತ್ತಿ ಮಲಗುತ್ತದೆ. ಅಪಾಯ ಹತ್ತಿರ ಬಂದರೂ ಅಲ್ಲಾಡುವುದಿಲ್ಲ. ಇನ್ನೇನು ಕಾಲು ತುಳಿಯಬೇಕು ಅನ್ನುವಾಗ ಎದ್ದು ಓಡುತ್ತದೆ, ಗಂಟೆಗೆ ಸುಮಾರು 70 ಕಿಲೋಮೀಟರ್ ವೇಗದಲ್ಲಿ, ನಡುವೆ ತಟ್ಟನೆ ದಿಕ್ಕು ಬದಲಿಸುತ್ತ. ಅವಳ ಧೈರ್ಯ ಹೇಗಿರಬೇಕು ಅಂತ ನನಗೆ ಇದರಲ್ಲೇ ಕಾಣುತ್ತದೆ. ಕೊನೆಯವರೆಗೂ ಅಲ್ಲಾಡದೆ ಇರುವ ಧೈರ್ಯ.

ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿವೆ. ಹಿಂದೆ ಬರುವವರೆಲ್ಲ ಕಾಣುತ್ತಾರೆ, ಮೂಗಿನ ನೇರಕ್ಕೆ ಇರುವುದು ಸರಿಯಾಗಿ ಕಾಣುವುದಿಲ್ಲ. ಎದುರಿಗೆ ಬಂದ ಗೆಳೆಯನ ಮುಖ ಅವಳಿಗೆ ಕಾಣದೆ, ಬೆನ್ನ ಹಿಂದಿನ ಕತ್ತಿ ಕಂಡರೆ? ಮರಿಗಳು ಹುಟ್ಟುವಾಗಲೇ ಮೈಮೇಲೆ ಕೂದಲು, ಕಣ್ಣು ತೆರೆದಿರುತ್ತವೆ. ತಾಯಿ ಅವುಗಳನ್ನು ಬಯಲಲ್ಲೇ ಬಿಟ್ಟು, ದಿನಕ್ಕೊಮ್ಮೆ ಮುಸ್ಸಂಜೆಗೆ ಬಂದು ಹಾಲು ಕೊಟ್ಟು ಹೋಗುತ್ತದೆ.

ಹಳೆನಾಣ್ಯ:

ಇದಕ್ಕೆ ಒಂದು ಸೇರಿಸುತ್ತೇನೆ. ಬ್ರಿಟನ್ನರು ಮೊಲ, ಕೋಳಿ, ಹೆಬ್ಬಾತು ತಿನ್ನುವುದು ತಪ್ಪು ಎಂದು ನಂಬುತ್ತಾರೆ, ಆದರೂ ಪ್ರೀತಿಗೆ ಸಾಕುತ್ತಾರೆ ಎಂದು ಸೀಸರ್ ಬರೆದಿದ್ದಾನೆ. ರೋಮನ್ನರು ಬರುವ ಮೊದಲಿನ ಕಾಲದ ಮೊಲಗಳ ಇಡೀ ಅಸ್ಥಿಪಂಜರಗಳು, ಕಡಿದ ಗುರುತಿಲ್ಲದೆ ಹೂತಿಟ್ಟವು, ಅಗೆತದಲ್ಲಿ ಸಿಕ್ಕಿವೆ. ಆದರೆ ರೋಮನ್ನರು ಮೊಲ ತಿನ್ನುತ್ತಿದ್ದರು. ಇಕೇನಿಗಳ ನಡುವೆ ಅವಳಿಗೆ ಭಯವಿಲ್ಲ, ರೋಮನ್ ಅಡುಗೆಮನೆಯ ಹತ್ತಿರ ಇದೆ.

ಮೊಲದಹೆಜ್ಜೆ:

ನಿನ್ನೆ ರಾತ್ರಿ ಇದನ್ನೆಲ್ಲ ಎರಡು ಸಲ ಓದಿ ಕೂತೆ. ನಿದ್ದೆ ಬರಲಿಲ್ಲ. ಮೂರು ತಿಂಗಳಿಂದ ನಿಂತಿದ್ದು ಹರಿಯಿತು. ಎಲ್ಲರಿಗೂ ಮನಸಾರೆ ವಂದನೆ.

ಕೇಳಿದವರಿಗಾಗಿ ಮಾತ್ರ. ಇದು ನನ್ನ ನಿಯಮ. ಆರನೇ ಅಧ್ಯಾಯದಲ್ಲಿ ಅವಳು ಕಟ್ಟಿಹಾಕಿಸಿಕೊಂಡೇ ಇರುತ್ತಾಳೆ. ಪಕ್ಕದಲ್ಲಿ ಅಣ್ಣ ಇದ್ದಾನೆ, ಅವನಿಗೆ ಹಠ, ತಂಗಿಯನ್ನು ಏನೂ ಕೇಳುವುದಿಲ್ಲ. 47ರಲ್ಲಿ ರೋಮನ್ನರು ಇಕೇನಿಗಳ ಆಯುಧ ಕಿತ್ತುಕೊಳ್ಳಲು ಬಂದಾಗ ಅಪ್ಪ ಸತ್ತ. ಅಂದಿನಿಂದ ಅವನು ಯಾರ ಹತ್ತಿರವೂ ಏನೂ ಕೇಳಿದವನಲ್ಲ. ಆ ದೃಶ್ಯ ಈಗ ನನಗೆ ಪೂರ್ತಿ ಕಾಣುತ್ತಿದೆ.

ಕೊನೆ ಕೂಡ ಸಿಕ್ಕಿತು. ರೋಮನ್ನರು ನೆಲೆಸಿದ್ದ ಕಾಮುಲೋಡೂನಮ್ ಊರಿಗೆ ಗೋಡೆ ಇರಲಿಲ್ಲ. ಬೂಡಿಕಾಳ ಜನ ಊರಿಗೆ ಬೆಂಕಿ ಇಟ್ಟಾಗ ಉಳಿದವರು ಕ್ಲಾಡಿಯಸ್‌ನ ದೇವಸ್ಥಾನದೊಳಗೆ ಸೇರಿಕೊಂಡರು, ಎರಡು ದಿನ ತಡೆದು ನಿಂತರು ಎಂದು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಹೇಳುತ್ತಾನೆ. ಆ ಒಳಗೆ ಒಬ್ಬ ಹುಡುಗ ಇದ್ದಾನೆ, ನಿವೃತ್ತ ಸೈನಿಕನ ಮಗ. ಇಕೇನಿ ಭಾಷೆಯ ನಾಲ್ಕು ಮಾತು ಅವಳಿಂದಲೇ ಕಲಿತವನು. ಎರಡನೇ ರಾತ್ರಿ ಅವನು ಬಾಗಿಲ ಸಂದಿಯಲ್ಲಿ ಬಾಯಿಟ್ಟು ಕೇಳುತ್ತಾನೆ. ಕೇಳಿದವನು ಶತ್ರುವಾದರೂ ಕೇಳಿದ್ದು ಕೇಳಿದ್ದೇ. ಅವಳ ಮೈ ಬದಲಾಗತೊಡಗುತ್ತದೆ. ಸುತ್ತ ನಿಂತಿರುವುದು ಅವಳದೇ ಜನ, ಕೈಯಲ್ಲಿ ಪಂಜು.

ಆ ಊರಿನ ಪತನಕ್ಕೆ ಮೊದಲು ನಾಟಕಶಾಲೆಯಲ್ಲಿ ಊಳಿಡುವ ಸದ್ದು ಕೇಳಿಬಂತು ಎಂಬ ಮಾತೂ ಟ್ಯಾಸಿಟಸ್‌ನಲ್ಲಿದೆ. ಊಳಿಟ್ಟವರು ಯಾರು ಎಂದು ಈಗ ನನಗೆ ಗೊತ್ತು. ಮೈ ಬದಲಿಸುವವಳು ಇವಳೊಬ್ಬಳೇ ಅಲ್ಲ.

ಹತ್ತನೇಬೆಂಚು, ನಿನ್ನ ಪ್ರಶ್ನೆಯೇ ನನ್ನನ್ನು ಹೆಚ್ಚು ಕಾಡಿದ್ದು. ಅವಳು ಮರೆಯುತ್ತಾಳೆ. ಮೊದಲು ಹೆಸರುಗಳು, ಆಮೇಲೆ ಮುಖಗಳು. ಕೇಳಿದವರ ದನಿ ಒಂದು ಮಾತ್ರ ಕೊನೆಯವರೆಗೂ ಉಳಿಯುತ್ತದೆ. ಐರ್ಲೆಂಡಿನ ಹಳೆಯ ಕಥೆಯ ತುವಾನ್ ಜಿಂಕೆ, ಹಂದಿ, ಹಕ್ಕಿ, ಮೀನು ಎಲ್ಲ ಆಗಿಯೂ ಎಲ್ಲವನ್ನೂ ನೆನಪಿಟ್ಟುಕೊಂಡವನು. ಅವನು ಅಂಥವನು, ಇವಳು ಇಂಥವಳು. ಗಾಯ ಖಂಡಿತ ಇರುತ್ತದೆ.

ಪದವೂ ಸಿಕ್ಕಿತು. ರೋಮನ್ನರು ಅವಳನ್ನು "ತೊಗಲು ತಿರುವಿದವಳು" ಅನ್ನುತ್ತಾರೆ. ಅಜ್ಜಿ ಕರೆಯುವುದು "ಹೋಗಿ ಬರುವವಳು" ಎಂದು. ನಾವು ಹೊರಡುವಾಗ "ಹೋಗ್ತೀನಿ" ಅನ್ನುವುದಿಲ್ಲವಲ್ಲ, "ಹೋಗಿ ಬರ್ತೀನಿ" ಅನ್ನುತ್ತೇವೆ. ಹಾಗೆ. ಮೊಲದ ಮೈಯಿಂದ ವಾಪಸು ಬಾರದವರ ಹೆಸರನ್ನು ಅಜ್ಜಿ ಹೇಳುವುದೇ ಇಲ್ಲ.

ಹಳೆನಾಣ್ಯ:

ಆ ಹುಡುಗನ ಜೇಬಿಗೆ, ಅಂದರೆ ಸೊಂಟದ ಚೀಲಕ್ಕೆ, ನಾಲ್ಕು ಖರ್ಜೂರ ಹಾಕಿ. ಕಾಮುಲೋಡೂನಮ್ ಈಗಿನ ಕಾಲ್‌ಚೆಸ್ಟರ್. ಊರಿನಡಿ ಇಂದಿಗೂ ಆ ಬೆಂಕಿಯ ಪದರ ಇದೆ, ಸುಟ್ಟು ಕೆಂಪಾದ ಮಣ್ಣು. ಅದರಲ್ಲಿ ಕರಕಲಾದ ಖರ್ಜೂರ ಸಿಕ್ಕಿದೆ. 2014ರಲ್ಲಿ ಒಂದು ಮನೆಯ ನೆಲದಡಿ ಚಿನ್ನ ಬೆಳ್ಳಿಯ ಒಡವೆಗಳೂ ಸಿಕ್ಕವು, ಯಾರೋ ಅವಸರದಲ್ಲಿ ಹೂತಿಟ್ಟಿದ್ದು.

ಮೊಲದಹೆಜ್ಜೆ:

ಖರ್ಜೂರ ಈಗಲೇ ಹಾಕಿದೆ. ಮೂರನೇ ಅಧ್ಯಾಯದಲ್ಲಿ ಅವನು ಅವಳಿಗೆ ಒಂದು ಕೊಡುತ್ತಾನೆ. ಅವಳು ಅಂಥ ಸಿಹಿ ಯಾವತ್ತೂ ತಿಂದಿಲ್ಲ. ಬೀಜವನ್ನು ಇಡೀ ದಿನ ಬಾಯಲ್ಲೇ ಇಟ್ಟುಕೊಂಡು ಓಡಾಡುತ್ತಾಳೆ.