ಮನೆ ಪಿಸಿಗೆ ಎರಡನೇ ಸಲ ಮಾಲ್‌ವೇರ್, ಏನ್ ಮಾಡ್ಲಿ?

ಪ್ರಶ್ನೆ: ಮಗ ಯಾವ್ದೋ ಗೇಮ್ ಕ್ರ್ಯಾಕ್ (ದುಡ್ಡು ಕೊಡ್ದೆ ಆಡೋ ಕಳ್ಳ ಕಾಪಿ) ಹಾಕ್ದ, ಈಗ ಬ್ರೌಸರ್ ತುಂಬಾ ಆ್ಯಡ್ಸು, ಮನೇಲಿ ಎಲ್ರೂ ಒಂದೇ ಅಡ್ಮಿನ್ (ಪೂರ್ತಿ ಹಕ್ಕಿರೋ) ಅಕೌಂಟ್ ಬಳಸೋದು, ಬ್ಯಾಂಕ್ ಕೆಲಸಾನೂ ಅದ್ರಲ್ಲೇ, ತುಂಬಾ ಭಯ ಆಗ್ತಿದೆ. ವಿಂಡೋಸ್ 10.

ಉತ್ತರ: ಎಲ್ರೂ ಅಡ್ಮಿನ್ ಆಗಿರೋದೇ ತೊಂದ್ರೆ ಸರ್. ಮೊದ್ಲು ವಿಂಡೋಸ್ ಜೊತೆಗೇ ಬರೋ ಆಂಟಿವೈರಸ್ ಡಿಫೆಂಡರ್‌ನಲ್ಲಿ, ವಿಂಡೋಸ್ ಶುರುವಾಗೋ ಮುಂಚೆ ನಡೆಯೋ ಆಫ್‌ಲೈನ್ ಸ್ಕ್ಯಾನ್ ಮಾಡಿ, ಆಮೇಲೆ ಮಗನಿಗೂ ನಿಮಗೂ ಬೇರೆಬೇರೆ ಸ್ಟ್ಯಾಂಡರ್ಡ್ (ಅಡ್ಮಿನ್ ಹಕ್ಕಿಲ್ಲದ) ಅಕೌಂಟ್ ಮಾಡಿ, ಅಡ್ಮಿನ್ ಪಾಸ್‌ವರ್ಡ್ ನಿಮ್ಮತ್ರ ಮಾತ್ರ ಇರ್ಲಿ, ಸಿಸ್ಟಮ್ ಮುಟ್ಟೋ ಇನ್‌ಸ್ಟಾಲ್ ಆದ್ರೆ ಪಾಸ್‌ವರ್ಡ್ ಕೇಳುತ್ತೆ.

ಉತ್ತರ: ನಿಜ, ಆದ್ರೆ ಫೈಲ್ ಲಾಕ್ ಮಾಡಿ ದುಡ್ಡು ಕೇಳೋ ರ‍್ಯಾನ್ಸಮ್‌ವೇರ್‌ಗೆ ನಿಮ್ಮ ಫೋಟೋ ಲಾಕ್ ಮಾಡೋಕೆ ಅಡ್ಮಿನ್ ಹಕ್ಕೇ ಬೇಡ. ಬೆಂಗಳೂರಿನ ಎಸ್‌ಪಿ ರೋಡಿನ ಕಂಪ್ಯೂಟರ್ ಅಂಗಡೀಲಿ ಒಂದು ಎಕ್ಸ್‌ಟರ್ನಲ್ ಡಿಸ್ಕ್ ತಗೊಳ್ಳಿ, ಬ್ಯಾಕಪ್ ಆದ್ಮೇಲೆ ಕೇಬಲ್ ಕಿತ್ತಿಡಿ. ವಿಂಡೋಸ್ 10 ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗೀತು, ಅದನ್ನೂ ನೋಡ್ಕೊಳ್ಳಿ. ಬ್ಯಾಂಕ್ ಪಾಸ್‌ವರ್ಡ್ ಇವತ್ತೇ ಫೋನಿಂದ ಬದಲಾಯ್ಸಿ, ದುಡ್ಡೇನಾದ್ರೂ ಹೋಗಿದ್ರೆ ತಡ ಮಾಡ್ದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕಾಲ್ ಮಾಡಿ.