ಸಹಾಯ ಬೇಕು: ಕರುಳು ಹಿಂಡುವ ದೇಣಿಗೆ ಜಾಹೀರಾತು ತಡೆಯುವುದು ಹೇಗೆ?

ನಮ್ಮದು ಅಡುಗೆ ತಾಣ, ಗೂಗಲ್‌ನ ಆಡ್‌ಸೆನ್ಸ್ ಸೇವೆಯ ಜಾಹೀರಾತು. ಒಬ್ಬಟ್ಟಿನ ಹೂರಣ ಹುಡುಕಿ ಬಂದವರಿಗೆ ಮೂಗಿಗೆ ನಳಿಗೆ ಹಾಕಿದ ಕೂಸು, ಅಳುವ ತಾಯಿ, ಕೆಳಗೆ ‘ಇನ್ನು ಆರೇ ಗಂಟೆ’ ಎಂಬ ಕೆಂಪು ಪಟ್ಟಿ. ತೆಗೆಯಿರಿ ಅಂತ ಓದುಗರು ಕೇಳುತ್ತಿದ್ದಾರೆ, ನ್ಯಾಯವೇ.

ಆಡ್‌ಸೆನ್ಸ್‌ನ ಬ್ಲಾಕಿಂಗ್ ಕಂಟ್ರೋಲ್ಸ್‌ನಲ್ಲಿ (ಬೇಡದ್ದನ್ನು ತಡೆಯುವ ಕಡೆ) ಜಾಹೀರಾತುದಾರರ ಯುಆರ್‌ಎಲ್ ಹಾಕಿಯಾಯಿತು. ಎರಡು ದಿನ ತಣ್ಣಗಿದ್ದು, ಅದೇ ಚಿತ್ರ ಬೇರೆ ಡೊಮೇನ್‌ನಿಂದ ಬಂತು. ಜಾಹೀರಾತುಗಳನ್ನು ನೋಡಿ ಪರಿಶೀಲಿಸುವ ಆಡ್ ರಿವ್ಯೂ ಸೆಂಟರ್‌ನಲ್ಲಿ ಒಂದೊಂದಾಗಿ ತಡೆಯಬಹುದು. ಆದರೆ ಚಿತ್ರದ ಅಂಚು ಕತ್ತರಿಸಿ ಮತ್ತೆ ಹಾಕಿದರೆ ಅದು ಹೊಸ ಜಾಹೀರಾತೇ. ವರ್ಗವನ್ನೇ ತಡೆಯೋಣವೆಂದರೆ, ಸೆನ್ಸಿಟಿವ್ (ಸೂಕ್ಷ್ಮ) ವರ್ಗಗಳ ಪಟ್ಟಿಯಲ್ಲಿ ದೇಣಿಗೆ ಇಲ್ಲ. ಸಾಮಾನ್ಯ ವರ್ಗಗಳಲ್ಲಿ ಇಡೀ ದಾನದ ಬಾಗಿಲು ಮುಚ್ಚಿದರೆ ನೆರೆ ಪರಿಹಾರದ ಸಭ್ಯ ಜಾಹೀರಾತೂ ಹೋಗುತ್ತದೆ. ಅದು ಬೇಡ.

ಜಾಹೀರಾತು ಯಾವ ಡೊಮೇನ್‌ಗೆ ಒಯ್ಯುತ್ತದೆಂದು ತಿಳಿಯಲು ನಮ್ಮದೇ ಜಾಹೀರಾತು ಒತ್ತುವಂತಿಲ್ಲ, ಖಾತೆಗೇ ಕುತ್ತು. ಜಾಹೀರಾತಿನ ಕೊಂಡಿಯನ್ನು ಕಾಪಿ ಮಾಡಿ, ಅದರಲ್ಲಿ ‘ಆಡ್‌ಯುಆರ್‌ಎಲ್’ (adurl) ನಂತರದ ಭಾಗ ಓದುತ್ತಿದ್ದೇವೆ. ಫೋನಿನಲ್ಲಿ ಇದು ಬಲು ತಲೆನೋವು.

ಬೇಕಾಗಿರುವುದು: ನೀವು ತಡೆದ ಡೊಮೇನ್‌ಗಳ ಪಟ್ಟಿ. ಇನ್ನೊಂದು, ಜಾಹೀರಾತು ಗುಣಮಟ್ಟ ಮಂಡಳಿ ಎಎಸ್‌ಸಿಐಗೆ ದೂರು ಕೊಟ್ಟವರಿದ್ದೀರಾ? ಮನ ಕಲಕುವ ಚಿತ್ರವನ್ನು ಡಿಜಿಟಲ್‌ನಲ್ಲಿ ಮಸುಕಾಗಿಸಿ, ಹೆಚ್ಚು ತಿಳಿಯಬಯಸಿದವರಿಗಷ್ಟೇ ತೋರಿಸಬೇಕೆಂದು ಅವರ 2023ರ ನಿಯಮವಿದೆ. ಸ್ಕ್ರೀನ್‌ಶಾಟ್, ದಿನಾಂಕ, ಕೊಂಡಿ ಇಟ್ಟುಕೊಂಡಿದ್ದೇವೆ. ಜಾಹೀರಾತುದಾರರ ಹೆಸರೇ ಕಾಣದಿದ್ದಾಗ ದೂರಿನಲ್ಲಿ ಯಾರನ್ನು ಬರೆದಿರಿ?